ಹೆಗ್ಗಣದ ಖಾತೆ, ಕಡಲ ಕಿಡಿಯ ಖಾತೆ

ಬ್ಯಾಂಕಿನಿಂದ ನಿವೃತ್ತನಾಗಿ ಹದಿನೈದು ವರ್ಷ ದಾಟಿದೆ. ಆದರೂ ಕೈಗೆ ಅಂಟಿದ ಒಂದು ಅಭ್ಯಾಸ ಬಿಟ್ಟುಹೋಗಿಲ್ಲ. ಬಿಳಿ ಹಾಳೆ ಸಿಕ್ಕಿದರೆ ಸಾಕು, ನಡುವೆ ಉದ್ದಕ್ಕೊಂದು ಗೆರೆ ಎಳೆಯುತ್ತೇನೆ. ಮನೆ ಸಾಮಾನಿನ ಚೀಟಿಗೂ ಗೆರೆ, ಮದುವೆಗೆ ಕರೆಯಬೇಕಾದವರ ಪಟ್ಟಿಗೂ ಗೆರೆ. "ನಿಮ್ಮದು ಎಂತ ಮಾರಾಯ್ರೆ, ಮನೆಯೇನು ಬ್ಯಾಂಕಾ?" ಎಂದು ನನ್ನ ಹೆಂಡತಿ ನಗುವುದುಂಟು. ಆ ಗೆರೆ ಒಮ್ಮೆ ಮೊಮ್ಮಗಳ ಶಾಲೆಯ ಕೆಲಸಕ್ಕೆ ಉಪಯೋಗಕ್ಕೆ ಬಂತು. ನನ್ನ ಒಂದು ತಪ್ಪನ್ನೂ ತಿದ್ದಿತು. ಮಕ್ಕಳೇ, ನನ್ನ ವಯಸ್ಸಿನ ಅಜ್ಜ-ಅಜ್ಜಿಯರೇ, ಆ ಕಥೆ ಕೇಳಿ.

ಅದು 2020ರ ನವೆಂಬರ್ ತಿಂಗಳು. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಮಗ-ಸೊಸೆ ಬೆಂಗಳೂರಿನಲ್ಲಿ ಎರಡು ಕೋಣೆಯ ಮನೆಯಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದರು. ಆರನೇ ತರಗತಿಯ ಮೊಮ್ಮಗಳನ್ನು ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಬಿಟ್ಟಿದ್ದರು. ನಾವು ಅವಳನ್ನು ಕರೆಯುವುದು ಪುಟ್ಟಿ ಎಂದು. ಅವಳ ತರಗತಿ ನನ್ನ ಮೊಬೈಲಿನಲ್ಲಿ ನಡೆಯುತ್ತಿತ್ತು. ಹಾಗಾಗಿ ನಾನೂ ಅವಳ ಪಕ್ಕ ಕೂತು ಮತ್ತೊಮ್ಮೆ ಆರನೇ ತರಗತಿ ಓದಿದೆ ಎನ್ನಬಹುದು. ನಾನು ಬಿ.ಕಾಂ. ಓದಿದವನು, ವಿಜ್ಞಾನ ನನಗೆ ಹೊಸದೇ.

ಆಗ ನಮ್ಮ ಹಿತ್ತಿಲಿನಲ್ಲಿ ಹೆಗ್ಗಣದ ಕಾಟ. ದಿನ ಬೆಳಗಾದರೆ ತೆಂಗಿನ ಬುಡದಲ್ಲಿ ಹೊಸ ಮಣ್ಣಿನ ಗುಪ್ಪೆ. ನೆಟ್ಟ ಗೆಣಸು ಮೇಲೆ ಬಳ್ಳಿಯಾಗಿ ಹಬ್ಬಿತ್ತು, ಕೆಳಗೆ ಅಗೆದು ನೋಡಿದರೆ ಗೆಡ್ಡೆಯೇ ಇಲ್ಲ. ಕೊನೆಗೆ ತುಳಸಿಕಟ್ಟೆಯ ಬುಡ ಪೊಳ್ಳಾಗಿ ಕಟ್ಟೆ ಒಂದು ಬದಿಗೆ ವಾಲಿತು. ಅಂದೇ ನಾನು ಪೇಟೆಗೆ ಹೋಗಿ ಇಲಿ ಪಾಷಾಣದ ಪೊಟ್ಟಣ ತಂದು, ಮಗುವಿನ ಕೈಗೆ ಸಿಗದಂತೆ ಕಪಾಟಿನ ಮೇಲಿಟ್ಟೆ. ರಾತ್ರಿ ಇಡುವುದೆಂದು ನಿಶ್ಚಯಿಸಿದೆ.

ಸಂಜೆ ಪಕ್ಕದ ಮನೆಯ ಹುಡುಗ ಬೇಲಿಯಾಚೆಯಿಂದ ಕೂಗಿದ. "ಅಜ್ಜ, ಮಲ್ಪೆ ಕಡೆ ಕಡಲು ನೀಲಿ ಹೊಳೆಯುತ್ತಾ ಉಂಟಂತೆ. ಜನ ಎಲ್ಲ ನೋಡಲಿಕ್ಕೆ ಹೋಗ್ತಿದ್ದಾರೆ."

ಪುಟ್ಟಿ ಬಿಡುತ್ತಾಳೆಯೇ? ಮಾಸ್ಕ್ ಕಟ್ಟಿಕೊಂಡು ಮೂವರೂ ಆಟೋದಲ್ಲಿ ಹೊರಟೆವು. ಪಾಷಾಣದ ಪೊಟ್ಟಣ ಕಪಾಟಿನ ಮೇಲೆಯೇ ಉಳಿಯಿತು.

ನೀರಿನಲ್ಲಿ ಬೆಂಕಿ ಇಲ್ಲದ ಬೆಳಕು

ಬೀದಿ ದೀಪಗಳಿಂದ ದೂರ ನಡೆದು ಮರಳಿನಲ್ಲಿ ನಿಂತೆವು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದು ಅಲೆ ಮುರಿದು ಬಿತ್ತು. ಬಿದ್ದ ಕಡೆಯೆಲ್ಲ ಉದ್ದಕ್ಕೂ ನೀಲಿ ಗೆರೆ ಹೊತ್ತಿ ಆರಿತು. ಇನ್ನೊಂದು ಅಲೆ, ಇನ್ನೊಂದು ಗೆರೆ. ಒದ್ದೆ ಮರಳಿನ ಮೇಲೆ ಪುಟ್ಟಿ ಕಾಲಿಟ್ಟರೆ ಪಾದದ ಸುತ್ತ ಕಿಡಿ ಚಿಮ್ಮಿದಂತೆ. ನಾನು ಕಡಲ ಕರೆಯಲ್ಲೇ ಹುಟ್ಟಿ ಬೆಳೆದವನು, ಆದರೂ ಅಷ್ಟು ಬೆಳಕು ಕಂಡಿರಲಿಲ್ಲ. ಅಲ್ಲಿದ್ದ ಹಿರಿಯ ಮೀನುಗಾರರೊಬ್ಬರು, "ಇದು ಹೊಸದಲ್ಲ ಸ್ವಾಮಿ, ಬಲೆ ಎಳೆಯುವಾಗ ಎಷ್ಟೋ ಸಲ ಹೀಗೆ ಮಿಂಚುತ್ತದೆ. ಆದರೆ ನೀರು ಹೀಗಿದ್ದಾಗ ಮೀನು ಕಡಿಮೆ" ಎಂದರು. ಅವರ ಕೊನೆಯ ಮಾತು ನನ್ನ ತಲೆಯಲ್ಲಿ ಉಳಿಯಿತು.

ಮನೆಗೆ ಬಂದಾಗ ಟೀಚರ್ ಕೊಟ್ಟ ಮನೆಕೆಲಸದ ನೆನಪಾಯಿತು. ಯಾವುದಾದರೂ ಎರಡು ಜೀವಿಗಳನ್ನು ಆರಿಸಿ ಹೋಲಿಕೆ ಮತ್ತು ವ್ಯತ್ಯಾಸ ಬರೆಯಬೇಕು. ಅವಳ ಗೆಳತಿಯರು ನಾಯಿ-ಬೆಕ್ಕು, ಕಾಗೆ-ಕೋಗಿಲೆ ಎಂದು ಆಗಲೇ ಬರೆದು ಮುಗಿಸಿದ್ದರು.

"ಅಜ್ಜ, ನಾನು ಹೆಗ್ಗಣ ಮತ್ತು ಕಡಲ ಕಿಡಿ ಬರೆಯುತ್ತೇನೆ," ಎಂದಳು. ಕಡಲ ಕಿಡಿ ಅವಳೇ ಇಟ್ಟ ಹೆಸರು.

"ಎರಡಕ್ಕೂ ಅಜಗಜಾಂತರ ವ್ಯತ್ಯಾಸ ಮಗಾ, ಹೋಲಿಕೆಗೆ ಏನುಂಟು?" ಎಂದೆ.

"ನೀವೇ ಗೆರೆ ಎಳೆಯಿರಿ. ನೋಡುವ."

ಗೆರೆ ಎಳೆದೆ. ಎಡಗಡೆ ಹೆಗ್ಗಣ, ಬಲಗಡೆ ಕಡಲ ಕಿಡಿ. ಮುಂದಿನ ನಾಲ್ಕು ದಿನ ಮೊಬೈಲಿನಲ್ಲಿ, ಮನೆಯಲ್ಲಿದ್ದ ಹಳೆಯ ಪುಸ್ತಕಗಳಲ್ಲಿ ಹುಡುಕಿ ಇಬ್ಬರೂ ಸೇರಿ ಖಾತೆ ತುಂಬಿಸಿದೆವು.

ಹೆಸರು ಮತ್ತು ಕುಲ

ನಮ್ಮ ಹಿತ್ತಿಲಿನಲ್ಲಿದ್ದದ್ದು ಚಿಕ್ಕ ಜಾತಿಯ ಹೆಗ್ಗಣ. ದೊಡ್ಡ ಜಾತಿಯದು ಒಂದು ಕಿಲೋ ಮೀರಿ ತೂಗುತ್ತದೆ. ಇದು ಕಾಲು ಕಿಲೋದ ಆಸುಪಾಸಿನದು. ಬಿಲದ ಬಾಯಲ್ಲಿ ಮಣ್ಣಿನ ಗುಪ್ಪೆ ಮಾಡುವುದು ಇದರ ಗುರುತು. ಇಂಗ್ಲಿಷಿನಲ್ಲಿ ಹೆಗ್ಗಣಕ್ಕೆ ಬ್ಯಾಂಡಿಕೂಟ್ ಎನ್ನುತ್ತಾರೆ. ಅದು ಇಂಗ್ಲಿಷ್ ಪದವಲ್ಲ, ನಮ್ಮ ನೆರೆಯ ತೆಲುಗಿನ ಪಂದಿಕೊಕ್ಕು. ಪಂದಿ ಎಂದರೆ ಹಂದಿ, ಕೊಕ್ಕು ಎಂದರೆ ಇಲಿ. ಸಿಟ್ಟು ಬಂದಾಗ ಹಂದಿಯಂತೆ ಗುಟುರು ಹಾಕುವ ಪ್ರಾಣಿಗೆ ಸರಿಯಾದ ಹೆಸರೇ. ಆಸ್ಟ್ರೇಲಿಯಾದಲ್ಲಿ ಹೊಟ್ಟೆಚೀಲ ಇರುವ ಬೇರೆಯೇ ಒಂದು ಪ್ರಾಣಿಗೂ ಆಮೇಲೆ ಇದೇ ಹೆಸರು ಅಂಟಿತು.

ಕಡಲ ಕಿಡಿಯ ಶಾಸ್ತ್ರೀಯ ಹೆಸರು ನಾಕ್ಟಿಲುಕಾ ಸಿಂಟಿಲಾನ್ಸ್. ಲ್ಯಾಟಿನ್ ಭಾಷೆಯಲ್ಲಿ ನಾಕ್ಟಿಲುಕಾ ಎಂದರೆ ರಾತ್ರಿಯ ಬೆಳಕು, ಸಿಂಟಿಲಾನ್ಸ್ ಎಂದರೆ ಮಿನುಗುವಂಥದು. 1810ರಲ್ಲಿ ಐರ್ಲೆಂಡಿನ ವಿಜ್ಞಾನಿ ಜೇಮ್ಸ್ ಮಕಾರ್ಟ್ನಿ ಇದನ್ನು ವರ್ಣಿಸಿ ಹೆಸರಿಟ್ಟಾಗ ಜೆಲ್ಲಿ ಮೀನಿನ ಗುಂಪಿಗೆ ಸೇರಿಸಿದ್ದರು. ಆಮೇಲೆ ಗೊತ್ತಾಯಿತು, ಇದರ ಇಡೀ ದೇಹ ಒಂದೇ ಒಂದು ಜೀವಕೋಶ! ನೀರಿನ ಹರಿವಿನೊಂದಿಗೆ ತೇಲುತ್ತಾ ಹೋಗುವ ಇಂಥ ಜೀವಿಗಳನ್ನು ಪ್ಲವಕ ಅಥವಾ ಪ್ಲಾಂಕ್ಟನ್ ಎನ್ನುತ್ತಾರೆ.

"ಇದು ಪ್ರಾಣಿಯಾ, ಗಿಡವಾ?" ಪುಟ್ಟಿ ಕೇಳಿದಳು. ಎರಡೂ ಅಲ್ಲ. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಿಸಬೇಕೆಂದು ತಿಳಿಯದ ಹಣವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ವಿಜ್ಞಾನಿಗಳೂ ಪ್ರಾಣಿಯಲ್ಲದ, ಸಸ್ಯವಲ್ಲದ, ಅಣಬೆಯೂ ಅಲ್ಲದ ಇಂಥ ಜೀವಿಗಳನ್ನು ಪ್ರೊಟಿಸ್ಟ ಎಂಬ ಗುಂಪಿನಲ್ಲಿ ಇಟ್ಟಿದ್ದಾರೆ.

ಗಾತ್ರ

ಹೆಗ್ಗಣದ ಪುಟದಲ್ಲಿ ಬರೆದೆವು: ಬಾಲ ಬಿಟ್ಟು ಸುಮಾರು 20 ಸೆಂಟಿಮೀಟರ್. ಕಡಲ ಕಿಡಿಯ ಪುಟದಲ್ಲಿ: ಸಾಮಾನ್ಯವಾಗಿ ಅರ್ಧ ಮಿಲಿಮೀಟರ್. ಅಜ್ಜಿ ಡಬ್ಬಿಯಿಂದ ಒಂದು ಚಿಟಿಕೆ ಚಿರೋಟಿ ರವೆ ತಂದು ನನ್ನ ಅಂಗೈಗೆ ಹಾಕಿದಳು. "ಇಷ್ಟಾ?" ಹೌದು, ಹೆಚ್ಚು ಕಡಿಮೆ ಅಷ್ಟೇ. ಹೆಗ್ಗಣ ಗೆದ್ದಿತು ಎಂದು ಪುಟ್ಟಿ ಟಿಕ್ ಹಾಕಿದಳು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಹೆಗ್ಗಣದ ದೇಹ ಕೋಟಿಗಟ್ಟಲೆ ಜೀವಕೋಶಗಳಿಂದ ಆದದ್ದು. ಅದರ ಸಾಮಾನ್ಯ ಜೀವಕೋಶ ಎಷ್ಟು ದೊಡ್ಡದು? ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದೆರಡು ಭಾಗ. ಸೂಕ್ಷ್ಮದರ್ಶಕ ಇಲ್ಲದೆ ಕಾಣುವುದೇ ಇಲ್ಲ. ಕಡಲ ಕಿಡಿಯ ಜೀವಕೋಶ ಅದಕ್ಕಿಂತ ಇಪ್ಪತ್ತೈದರಿಂದ ಐವತ್ತು ಪಟ್ಟು ಅಗಲ. ಬರಿಗಣ್ಣಿಗೆ ಚುಕ್ಕೆಯಾಗಿ ಕಾಣುತ್ತದೆ. ದೇಹದ ಲೆಕ್ಕದಲ್ಲಿ ಹೆಗ್ಗಣ ದೈತ್ಯ, ಜೀವಕೋಶದ ಲೆಕ್ಕದಲ್ಲಿ ಕಡಲ ಕಿಡಿ ದೈತ್ಯ. ಪುಟ್ಟಿ ಟಿಕ್ ಅಳಿಸಿ ಎರಡೂ ಕಡೆ ಹಾಕಿದಳು.

ಮನೆ

ಹೆಗ್ಗಣ ಒಳ್ಳೆಯ ಮೇಸ್ತ್ರಿ. ಅದರ ಬಿಲಕ್ಕೆ ಒಂದಕ್ಕಿಂತ ಹೆಚ್ಚು ಬಾಯಿ. ಒಳಗೆ ಸುರಂಗ, ಕವಲು, ಮಲಗಲು ಮತ್ತು ಹೆರಲು ಮೆತ್ತನೆಯ ಕೋಣೆ, ಧಾನ್ಯ ಕೂಡಿಡಲು ಬೇರೆ ಕೋಣೆ. ಒಳಗಿರುವಾಗ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಳ್ಳುತ್ತದೆ. ಅದರ ಮುಂದಿನ ಹಲ್ಲುಗಳು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತವೆ. ಕಡಿಯದಿದ್ದರೆ ಹಲ್ಲು ಉದ್ದವಾಗಿ ಅನ್ನ ತಿನ್ನಲೂ ಆಗುವುದಿಲ್ಲ. ನಮ್ಮ ಪೈಪು ಕಡಿಯುವುದು ಹಟದಿಂದಲ್ಲ ಎಂದು ಅಂದು ತಿಳಿಯಿತು.

ಇಲ್ಲಿ ಒಂದು ಹಳೆಯ ನೆನಪು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯ ಶಾಖೆಯಲ್ಲಿದ್ದೆ. ಹಂಚಿನ ಬಾಡಿಗೆ ಕಟ್ಟಡ. ಒಂದು ಸಲ ವೋಚರ್ ಕಟ್ಟು ಹುಡುಕುತ್ತಾ ರೆಕಾರ್ಡ್ ಕೋಣೆಗೆ ಹೋದರೆ ಕಟ್ಟಿನ ದಾರ ಮಾತ್ರ ಇದೆ, ಕಾಗದ ಇಲ್ಲ. ನೆಲದ ಮೂಲೆಯ ಬಿಲದಲ್ಲಿ ಕೈಯಷ್ಟು ಆಳಕ್ಕೆ ಚೂರು ಚೂರಾದ ವೋಚರುಗಳ ಹಾಸಿಗೆ, ಅದರ ಮೇಲೆ ಕಣ್ಣು ಬಿಡದ ಏಳು ಮರಿಗಳು. ನಮ್ಮ ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತು ಕೂತರು. ಆ ತಿಂಗಳ ಲೆಕ್ಕ ಸರಿಹೊಂದಿಸಲು ನಾವು ಮೂವರು ಗುಮಾಸ್ತರು ಎಷ್ಟೋ ರಾತ್ರಿ ದೀಪ ಹಚ್ಚಿ ಕೂರಬೇಕಾಯಿತು.

ಕಡಲ ಕಿಡಿಗೆ ಮನೆಯೇ ಇಲ್ಲ. ಅಗೆಯಲು ಕಾಲಿಲ್ಲ, ಈಜಲು ಬಲವಿಲ್ಲ. ಆದರೆ ಮುಳುಗದೆ ತೇಲುವ ಉಪಾಯ ಗೊತ್ತು. ಅದರ ಪುಗ್ಗೆಯಂಥ ದೇಹದೊಳಗಿನ ದ್ರವದಲ್ಲಿ ಅಮೋನಿಯಂ ಅಂಶ ಹೆಚ್ಚು. ಹಾಗಾಗಿ ಅದು ಸಮುದ್ರದ ನೀರಿಗಿಂತ ಸ್ವಲ್ಪ ಹಗುರ. ಒಂದಕ್ಕೆ ನೆಲದ ಕೆಳಗೆ ಇಳಿಯುವ ವಿದ್ಯೆ, ಇನ್ನೊಂದಕ್ಕೆ ನೀರಿನ ಮೇಲೆ ಉಳಿಯುವ ವಿದ್ಯೆ.

ಊಟ ಮತ್ತು ಉಳಿತಾಯ

ಹೆಗ್ಗಣ ಭತ್ತ, ಗೆಡ್ಡೆ, ಕಾಯಿ, ಹುಳು, ನಾವು ಎಸೆದ ಅನ್ನ, ಎಲ್ಲವನ್ನೂ ತಿನ್ನುತ್ತದೆ. ತಿಂದು ಉಳಿದದ್ದನ್ನು ಎಸೆಯುವುದಿಲ್ಲ, ಠೇವಣಿ ಇಡುತ್ತದೆ! ಕೊಯ್ಲಿನ ಕಾಲದಲ್ಲಿ ಭತ್ತದ ತೆನೆ ಕತ್ತರಿಸಿ ಬಿಲದ ಕಣಜಕ್ಕೆ ಸಾಗಿಸುತ್ತದೆ. ತಮಿಳುನಾಡಿನಲ್ಲಿ ಇರುಳ ಸಮುದಾಯದ ಬಡ ಜನ ಗದ್ದೆಯ ಬಿಲಗಳನ್ನು ಅಗೆದು ಇಲಿ ಹಿಡಿಯುವುದರ ಜೊತೆಗೆ ಒಳಗಿನ ಧಾನ್ಯವನ್ನೂ ತೆಗೆದು ತಂದು ಅಡುಗೆಗೆ ಬಳಸುತ್ತಿದ್ದರು. ಹೆಗ್ಗಣದ ಉಳಿತಾಯ ಮನುಷ್ಯರ ಹೊಟ್ಟೆಯನ್ನೂ ತುಂಬಿಸಿದೆ.

ಕಡಲ ಕಿಡಿಗೆ ಅಂಟಂಟಾದ ಒಂದು ಪುಟ್ಟ ಸೊಂಡಿಲಿದೆ. ಅದರಿಂದ ಡಯಾಟಮ್ ಎಂಬ ಸೂಕ್ಷ್ಮ ಪಾಚಿ, ಸಣ್ಣ ಜೀವಿಗಳ ಮೊಟ್ಟೆ, ಮೀನಿನ ಮೊಟ್ಟೆ ಕೂಡ ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಉಳಿತಾಯದಲ್ಲಿ ಅದು ನನ್ನಂಥ ಬ್ಯಾಂಕಿನವನನ್ನೇ ನಾಚಿಸಿತು. ನಮ್ಮ ಅರಬ್ಬೀ ಸಮುದ್ರದಲ್ಲಿ ಹೆಚ್ಚಾಗಿ ಇರುವುದು ಹಸಿರು ಬಗೆಯ ನಾಕ್ಟಿಲುಕಾ. ಅದರ ಒಂದೇ ಜೀವಕೋಶದೊಳಗೆ ಬಹಳ ಚಿಕ್ಕ ಹಸಿರು ಪಾಚಿಗಳು ಜೀವಂತವಾಗಿ ಬಾಡಿಗೆಗೆ ಇರುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯ ಯಜಮಾನನಿಗೆ ಒಂದು ಪಾಲು ಕೊಡುತ್ತವೆ. ಬೇಟೆ ಸಿಕ್ಕರೆ ಊಟ, ಸಿಗದಿದ್ದರೆ ಬಾಡಿಗೆಯ ಆದಾಯ! "ಅಜ್ಜ, ನಿಮ್ಮ ಪಿಂಚಣಿಯ ಹಾಗೆ," ಎಂದಳು ಪುಟ್ಟಿ.

ಎಚ್ಚರಿಕೆಯ ಗಂಟೆ

ಹೆದರಿದ ಹೆಗ್ಗಣ ಕೂದಲು ನಿಮಿರಿಸಿ ಗುಟುರು ಹಾಕುತ್ತದೆ. ಕತ್ತಲಲ್ಲಿ ಅದನ್ನು ಕೇಳಿದವರಿಗೆ ಗೊತ್ತು, ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಕಡಲ ಕಿಡಿಗೆ ಗಂಟಲಿಲ್ಲ, ಬೆಳಕಿದೆ. ಬ್ಯಾಂಕಿನ ಲಾಕರ್ ತೆರೆಯಲು ಎರಡು ಕೀಲಿ ಬೇಕು, ಒಂದು ಗ್ರಾಹಕರದು, ಒಂದು ಬ್ಯಾಂಕಿನದು. ಹಾಗೆಯೇ ಈ ಜೀವಕೋಶದಲ್ಲಿ ಲೂಸಿಫೆರಿನ್ ಮತ್ತು ಲೂಸಿಫೆರೇಸ್ ಎಂಬ ಎರಡು ವಸ್ತುಗಳಿವೆ. ಅಲೆ ಬಡಿದಾಗ, ಯಾರಾದರೂ ಮುಟ್ಟಿದಾಗ ಅವೆರಡೂ ಆಮ್ಲಜನಕದೊಂದಿಗೆ ಕೂಡಿ ನೀಲಿ ಬೆಳಕು ಮಿಂಚುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆರುತ್ತದೆ. ಕೈ ಸುಡುವ ಬೆಂಕಿಯಲ್ಲ, ತಣ್ಣನೆಯ ಬೆಳಕು. ಮಿಂಚುಹುಳವೂ ಇದೇ ರೀತಿ ಬೆಳಗುತ್ತದೆ, ಆದರೆ ಅದರ ಲೂಸಿಫೆರಿನ್ ಬೇರೆ ಬಗೆಯದು.

ಬೆಳಕು ಏಕೆ? ವಿಜ್ಞಾನಿಗಳು ಒಂದು ಚಂದದ ವಿವರಣೆ ಕೊಡುತ್ತಾರೆ. ಬ್ಯಾಂಕಿನಲ್ಲಿ ಕ್ಯಾಷಿಯರ್ ಮೇಜಿನ ಕೆಳಗೆ ಒಂದು ಗುಂಡಿ ಇರುತ್ತದೆ. ಕಳ್ಳ ಬಂದರೆ ಅದನ್ನು ಒತ್ತಬೇಕು. ಕ್ಯಾಷಿಯರ್ ಕಳ್ಳನ ಜೊತೆ ಹೊಡೆದಾಡಬೇಕಿಲ್ಲ, ಗಂಟೆ ಬಾರಿಸಿ ಬಲಶಾಲಿಗಳನ್ನು ಕರೆದರೆ ಸಾಕು. ಕಡಲ ಕಿಡಿಯನ್ನು ತಿನ್ನಲು ಸಿಗಡಿಯ ಜಾತಿಯ ಚಿಕ್ಕ ಜೀವಿಯೊಂದು ಬಂದಾಗ ಇದು ಮಿಂಚುತ್ತದೆ. ಆ ಬೆಳಕಿನಲ್ಲಿ ತಿನ್ನಲು ಬಂದವನು ಮೀನಿನ ಕಣ್ಣಿಗೆ ಬೀಳುತ್ತಾನೆ. ಇಂಗ್ಲಿಷಿನಲ್ಲಿ ಇದನ್ನು ಕಳ್ಳಗಂಟೆಯ ವಾದ ಎಂದೇ ಕರೆಯುತ್ತಾರೆ. ನಾವು ಕಡಲ ಕರೆಯಲ್ಲಿ ನಿಂತು ಚಪ್ಪಾಳೆ ತಟ್ಟಿದ್ದು ಅವುಗಳ "ಕಳ್ಳ, ಕಳ್ಳ" ಎಂಬ ಕೂಗಿಗೆ!

ಮಕ್ಕಳು-ಮರಿ

ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನಿಮಗೆ ಗೊತ್ತು. ಹೆಗ್ಗಣಕ್ಕಂತೂ ಖಂಡಿತ ಮುದ್ದು. ಮೂರು ವಾರ ಮೀರಿ ಹೊಟ್ಟೆಯಲ್ಲಿ ಹೊತ್ತು, ಒಂದು ಸೂಲಿಗೆ ಆರೇಳು ಮರಿ ಹೆರುತ್ತದೆ. ಮರಿಗಳಿಗೆ ಮೈಮೇಲೆ ಕೂದಲಿಲ್ಲ, ಕಣ್ಣು ಮುಚ್ಚಿರುತ್ತದೆ. ತಾಯಿ ಹಾಲೂಡಿಸಿ ಬೆಚ್ಚಗಿಟ್ಟು ಬೆಳೆಸುತ್ತದೆ. ನಮ್ಮ ಹಾಗೆಯೇ ಅದೂ ಸಸ್ತನಿ.

ಕಡಲ ಕಿಡಿ ಬೇರೆ ರೀತಿಯಲ್ಲೂ ಸಂತತಿ ಬೆಳೆಸುತ್ತದೆ, ಆದರೆ ಮುಖ್ಯವಾದದ್ದು ಸುಲಭದ ದಾರಿ. ಒಂದು ಜೀವಕೋಶ ಸೀಳಿ ಎರಡಾಗುತ್ತದೆ. ಎರಡು ನಾಲ್ಕು, ನಾಲ್ಕು ಎಂಟು. ಚಕ್ರಬಡ್ಡಿ ಗೊತ್ತಿದ್ದವರಿಗೆ ಇದು ಗೊತ್ತು. ಪುಟ್ಟಿಗೆ ಗುಣಿಸಲು ಹೇಳಿದೆ. ಹತ್ತು ಸಲ ಸೀಳಿದರೆ 1,024. ಇಪ್ಪತ್ತು ಸಲ ಸೀಳಿದರೆ 10,48,576. ಅವಳು ಕ್ಯಾಲ್ಕ್ಯುಲೇಟರಿನಲ್ಲಿ ಎರಡು ಸಲ ಪರೀಕ್ಷಿಸಿದಳು. ಒಂದು ಕಿಡಿ ಇಡೀ ಕಡಲ ಕರೆಯನ್ನು ಬೆಳಗಿಸುವುದು ಹೀಗೆ.

ಆಮೇಲೆ ಅವಳು ಪೆನ್ಸಿಲ್ ಕಚ್ಚುತ್ತಾ ಕೇಳಿದಳು, "ಸೀಳಿದ ಮೇಲೆ ಅಮ್ಮ ಯಾವುದು, ಮಗಳು ಯಾವುದು?"

ನಾನು ಯೋಚಿಸಿ ಹೇಳಿದೆ, "ಅಮ್ಮ ಎಂದು ಬೇರೆ ಉಳಿಯುವುದಿಲ್ಲ. ಎರಡೂ ಮಕ್ಕಳೇ."

"ಹಾಗಾದರೆ ಅವಕ್ಕೆ ಅಜ್ಜ ಇಲ್ಲ," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೆಗ್ಗಣಕ್ಕೆ?" ಎಂದಳು. ಕಾಡಿನಲ್ಲಿ, ಗದ್ದೆಯಲ್ಲಿ ಹೆಗ್ಗಣದ ಆಯುಸ್ಸು ಹೆಚ್ಚೆಂದರೆ ಒಂದು ವರ್ಷದ ಆಸುಪಾಸು. ಮೊಮ್ಮಕ್ಕಳು ಹುಟ್ಟಿದರೂ ಕೂತು ಕಥೆ ಹೇಳುವ ಬಿಡುವು ಅದಕ್ಕಿಲ್ಲ. ನಾನು ಹಾಗೆಂದಾಗ ಅವಳು ನನ್ನ ಪುಟದ ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಬರೆದಳು: ಅಜ್ಜ, ಮನುಷ್ಯರಿಗೆ ಮಾತ್ರ. ವಿಜ್ಞಾನ ಅದನ್ನು ಪೂರ್ತಿ ಒಪ್ಪಲಿಕ್ಕಿಲ್ಲ, ಆನೆಗಳಲ್ಲಿ ಅಜ್ಜಿಯರಿದ್ದಾರೆ. ಆದರೂ ನಾನು ಅಳಿಸಲಿಲ್ಲ. ದಿನವೂ ಸಾವಿನ ಸುದ್ದಿ ಕೇಳುತ್ತಿದ್ದ ಆ ವರ್ಷ ಆ ಒಂದು ಸಾಲು ನನಗೆ ಬೇಕಾಗಿತ್ತು.

ನಷ್ಟದ ಬಾಬ್ತು

ಕೊನೆಯದು ನಷ್ಟದ ಪುಟ. ಇದನ್ನು ನಾನು ಸಂತೋಷದಿಂದ ಬರೆಯಲು ಕೂತೆ, ಏಕೆಂದರೆ ಹೆಗ್ಗಣದ ಮೇಲೆ ನನ್ನ ದೂರು ಉದ್ದ ಇತ್ತು. ಬೆಳೆ ತಿನ್ನುತ್ತದೆ, ಗದ್ದೆಯ ಬದು ತೂತು ಮಾಡುತ್ತದೆ, ಕಟ್ಟಡದ ಬುಡ ಸಡಿಲ ಮಾಡುತ್ತದೆ. ಇಲಿ-ಹೆಗ್ಗಣಗಳ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಹರಡುತ್ತದೆ. ಮಳೆಗಾಲದಲ್ಲಿ ಕಾಲಿಗೆ ಗಾಯ ಇದ್ದಾಗ ಬರಿಗಾಲಲ್ಲಿ ಕೆಸರಿಗೆ ಇಳಿಯಬೇಡಿ ಎಂದು ನಮ್ಮ ಕಡೆ ವೈದ್ಯರು ಹೇಳುವುದು ಇದಕ್ಕೇ.

"ಕಡಲ ಕಿಡಿಯಿಂದ ನಷ್ಟವೇ ಇಲ್ಲ, ಅಲ್ವಾ?" ಎಂದಳು ಪುಟ್ಟಿ. ನನಗೆ ಆ ಮೀನುಗಾರರ ಮಾತು ನೆನಪಾಯಿತು. ಹುಡುಕಿದಾಗ ಸಿಕ್ಕಿದ್ದು ಇದು. ಸ್ವಲ್ಪ ಇದ್ದರೆ ತೊಂದರೆಯಿಲ್ಲ. ವಿಪರೀತ ಹೆಚ್ಚಿ, ಒಟ್ಟಿಗೆ ಸತ್ತಾಗ ಅದರ ದೇಹದ ಅಮೋನಿಯಾ ನೀರಿಗೆ ಸೇರುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗುತ್ತದೆ. ಮೀನುಗಳು ಅಲ್ಲಿಂದ ದೂರ ಹೋಗುತ್ತವೆ, ಹೋಗಲಾರದವು ಸಾಯುತ್ತವೆ. ಅಷ್ಟೇ ಅಲ್ಲ. ಸಮುದ್ರದ ಊಟದ ಸಾಲಿನಲ್ಲಿ ಡಯಾಟಮ್ ಮೊದಲ ಮೆಟ್ಟಿಲು. ನಮ್ಮ ಬೂತಾಯಿ ಮೀನು ಅದನ್ನು ತಿಂದೇ ಕೊಬ್ಬುತ್ತದೆ. ಆ ಡಯಾಟಮನ್ನು ನಾಕ್ಟಿಲುಕಾ ತಿಂದು ಮುಗಿಸಿದರೆ, ನಾಕ್ಟಿಲುಕಾವನ್ನು ತಿನ್ನುವವರು ಹೆಚ್ಚಾಗಿ ಸಾಲ್ಪ್ ಎಂಬ ಪಾರದರ್ಶಕ ಜೀವಿಗಳು ಮತ್ತು ಜೆಲ್ಲಿ ಮೀನುಗಳು. ಅವನ್ನು ನಾವು ಸಾರು ಮಾಡುವುದಿಲ್ಲ.

2014ರಲ್ಲಿ ವಿಜ್ಞಾನಿ ಹೆಲ್ಗಾ ಗೋಮ್ಸ್ ಮತ್ತು ಸಂಗಡಿಗರು ನೇಚರ್ ಕಮ್ಯುನಿಕೇಷನ್ಸ್ ಎಂಬ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಉತ್ತರ ಅರಬ್ಬೀ ಸಮುದ್ರದಲ್ಲಿ ಮೊದಲು ಚಳಿಗಾಲದಲ್ಲಿ ಡಯಾಟಮ್‌ಗಳು ಹುಲುಸಾಗಿ ಬೆಳೆಯುತ್ತಿದ್ದವು. 2000ದ ನಂತರದ ವರ್ಷಗಳಲ್ಲಿ ಆ ಜಾಗವನ್ನು ಹಸಿರು ನಾಕ್ಟಿಲುಕಾ ಹಿಡಿಯಿತು. ಆಮ್ಲಜನಕ ಕಡಿಮೆ ಇರುವ ನೀರು ಮೇಲಕ್ಕೆ ಹರಡುತ್ತಿರುವುದು ಅದಕ್ಕೆ ಅನುಕೂಲ ಮಾಡಿಕೊಟ್ಟಿದೆ ಎಂದು ಅವರು ತೋರಿಸಿದರು. ಮಳೆಗಾಲದ ಗಾಳಿಗೆ ಕಡಲಿನ ಆಳದಿಂದ ಪೋಷಕಾಂಶ ಮೇಲೆ ಬರುವುದು ಪ್ರಕೃತಿಯ ಕೆಲಸ. ಆದರೆ ಚರಂಡಿಯ ಕೊಳೆ, ಗದ್ದೆಗೆ ಅತಿಯಾಗಿ ಹಾಕಿದ ಗೊಬ್ಬರ ಹೊಳೆಯ ಮೂಲಕ ಕಡಲಿಗೆ ಸೇರಿದರೆ ಅದು ನಾವು ಬಡಿಸಿದ ಊಟ. ಪಾಚಿ ಹೆಚ್ಚುತ್ತದೆ, ಪಾಚಿ ತಿನ್ನುವ ಕಡಲ ಕಿಡಿಯೂ ಹೆಚ್ಚುತ್ತದೆ.

ಇಷ್ಟು ಬರೆದು ಎರಡೂ ಪುಟ ಅಕ್ಕಪಕ್ಕ ಇಟ್ಟು ನೋಡಿದೆ. ಹೆಗ್ಗಣ ನಮ್ಮ ಹಿತ್ತಿಲಿಗೆ ಏಕೆ ಬಂತು? ಗೊಬ್ಬರದ ಗುಂಡಿಗೆ ಮುಚ್ಚಳ ಇರಲಿಲ್ಲ. ಊಟ ಮಾಡಿ ಉಳಿದ ಅನ್ನ ದಿನಾ ಅಲ್ಲಿಗೆ ಬೀಳುತ್ತಿತ್ತು. ಬಿದ್ದ ತೆಂಗಿನಕಾಯಿ ವಾರಗಟ್ಟಲೆ ಹೆಕ್ಕುತ್ತಿರಲಿಲ್ಲ. ಬಚ್ಚಲಿನ ನೀರು ಹೋಗುವ ಪೈಪಿಗೆ ಜಾಲರಿ ಇರಲಿಲ್ಲ. ಒಂದು ಜೀವಿ ನಮ್ಮ ಹಿತ್ತಿಲಿನ ಅಶಿಸ್ತಿನಿಂದ ಹೆಚ್ಚಿತು, ಇನ್ನೊಂದಕ್ಕೆ ನಮ್ಮ ಚರಂಡಿಯ ಅಶಿಸ್ತು ನೆರವಾಯಿತು. ಒಂದನ್ನು ನೋಡಲು ಜನ ಆಟೋ ಹಿಡಿದು ಹೋಗಿ ಫೋಟೊ ತೆಗೆಯುತ್ತಾರೆ. ಇನ್ನೊಂದಕ್ಕೆ ವಿಷ ತರುತ್ತಾರೆ. ಇಬ್ಬರೂ ತಂದ ಲೆಕ್ಕದ ಚೀಟಿ ಮಾತ್ರ ಒಂದೇ!

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಓಡಿಸಲು ಹೋದ ಎಂಬ ಗಾದೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೆ. ಅಂದು ಅದು ನನಗೇ ತಾಗಿತು.

ಕಪಾಟಿನ ಮೇಲಿನ ಪೊಟ್ಟಣ

ಈಗ ನನ್ನ ಹಳೆಯ ತಪ್ಪು ಹೇಳಬೇಕು. ಅದಕ್ಕೂ ಕೆಲವು ವರ್ಷ ಮೊದಲು ಒಮ್ಮೆ ನಾನು ಹಿತ್ತಿಲಿನಲ್ಲಿ ಪಾಷಾಣ ಇಟ್ಟಿದ್ದೆ. ಹೆಗ್ಗಣ ಸತ್ತಿತು. ಸತ್ತದ್ದು ಬಚ್ಚಲಿನ ನೆಲದ ಕೆಳಗೆ. ಒಂದು ವಾರ ಮನೆಯಲ್ಲಿ ಊಟ ಸೇರಲಿಲ್ಲ. ಅದೇ ವಾರ ತೆಂಗಿನ ಮರದ ಕೆಳಗೆ ಒಂದು ಗೂಬೆ ಸತ್ತು ಬಿದ್ದಿತ್ತು. ಮುಖ ಬೆಳ್ಳಗೆ, ವೀಳ್ಯದೆಲೆಯಂತೆ. ಸಂಜೆ ಹೊತ್ತು ಗದ್ದೆಯ ಮೇಲೆ ಸದ್ದಿಲ್ಲದೆ ಹಾರುತ್ತಿದ್ದ ಗೂಬೆಯದು. ವಿಷ ತಿಂದ ಇಲಿಯನ್ನು ತಿಂದರೆ ಗೂಬೆ, ಬೆಕ್ಕು, ಮುಂಗುಸಿಗಳಿಗೂ ವಿಷ ಏರುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಗೂಬೆ ಅಪಶಕುನ ಎಂದುಕೊಂಡು ನಾನು ಹೂತುಹಾಕಿ ಕೈ ತೊಳೆದಿದ್ದೆ. ಇಲಿ ಹಿಡಿಯುವ ಗೂಬೆ, ಕೇರೆ ಹಾವುಗಳನ್ನು ನಾವೇ ಕೊಂದು, ಆಮೇಲೆ ಇಲಿ ಹೆಚ್ಚಾಯಿತು ಎಂದು ಮತ್ತಷ್ಟು ವಿಷ ತರುವುದು ಎಂಥ ಲೆಕ್ಕ? ನನ್ನ ವಿಷವೇ ಆ ಗೂಬೆಯನ್ನು ಕೊಂದಿತೆಂದು ಸಾಕ್ಷಿ ತೋರಿಸಲಾರೆ. ಆದರೆ ಖಾತೆಯಲ್ಲಿ ಆ ನಷ್ಟವನ್ನು ನನ್ನ ಹೆಸರಿಗೇ ಬರೆದುಕೊಂಡೆ. ಪುಟ್ಟಿಗೂ ಹೇಳಿದೆ. ಮಕ್ಕಳ ಮುಂದೆ ತಪ್ಪು ಒಪ್ಪುವುದು ಮೊದಲ ಸಲ ಕಷ್ಟ, ಆಮೇಲೆ ಹಗುರ.

ಮರುದಿನ ಪೊಟ್ಟಣವನ್ನು ಒಡೆಯದೆ ಅಂಗಡಿಗೆ ಒಯ್ದೆ. ಪರಿಚಯದ ಅಂಗಡಿಯವರು ನಗುತ್ತಲೇ ಹಿಂದಕ್ಕೆ ತೆಗೆದುಕೊಂಡು, ಅದರ ಬದಲಿಗೆ ಕಬ್ಬಿಣದ ಜಾಲರಿ ಕೊಟ್ಟರು. ಮೇಲೆ ಕೊಡಬೇಕಾದ ಹಣ ಕೊಟ್ಟೆ. ಪೈಪಿನ ಬಾಯಿಗೆ ಜಾಲರಿ ಕಟ್ಟಿದೆವು. ಗೊಬ್ಬರದ ಗುಂಡಿಗೆ ಕಲ್ಲಿನ ಚಪ್ಪಡಿ ಮುಚ್ಚಿದೆವು. ಉಳಿದ ಅನ್ನ ಹೊರಗೆ ಹೋಗದಂತೆ ಅಜ್ಜಿ ಅಳೆದು ಅಕ್ಕಿ ಹಾಕತೊಡಗಿದಳು. ಬಿದ್ದ ಕಾಯಿ ಹೆಕ್ಕುವುದು ಪುಟ್ಟಿಯ ಪಾಲಿನ ಕೆಲಸ. ತುಳಸಿಕಟ್ಟೆಗೆ ಕಲ್ಲು-ಸಿಮೆಂಟಿನ ಹೊಸ ಬುಡ ಹಾಕಿಸಿದೆ.

ಎರಡು ವಾರ ಕಳೆಯುವಷ್ಟರಲ್ಲಿ ಹೊಸ ಮಣ್ಣಿನ ಗುಪ್ಪೆ ನಿಂತಿತು. ನಾನು ಹೆಮ್ಮೆಯಿಂದ ಬೀಗುತ್ತಿರುವಾಗ ಬೇಲಿಯಾಚೆಯಿಂದ ಅದೇ ಹುಡುಗನ ದನಿ ಕೇಳಿತು. "ಅಜ್ಜ, ನಮ್ಮ ತೋಟದಲ್ಲಿ ಹೆಗ್ಗಣ ಬಂದಿದೆ!" ನಮ್ಮ ಹೆಗ್ಗಣಕ್ಕೆ ಪಕ್ಕದ ಶಾಖೆಗೆ ವರ್ಗಾವಣೆ ಆಗಿತ್ತು. ಇನ್ನೊಂದು ತುಂಡು ಜಾಲರಿ ಹಿಡಿದು ನಾನೂ ಪುಟ್ಟಿಯೂ ಅವರ ಮನೆಗೆ ನಡೆದೆವು. ಒಬ್ಬರ ಮನೆ ಮಾತ್ರ ಚೊಕ್ಕ ಆದರೆ ಸಾಲದು ಎಂಬುದು ಹೆಗ್ಗಣ ಕಲಿಸಿದ ಕೊನೆಯ ಪಾಠ. ಕಡಲಿಗೆ ಚಪ್ಪಡಿ ಮುಚ್ಚಲು ಬರುವುದಿಲ್ಲ. ಆದರೆ ನಮ್ಮ ಚರಂಡಿ ತೋಡಿಗೆ ಸೇರುತ್ತದೆ, ತೋಡು ಹೊಳೆಗೆ, ಹೊಳೆ ಕಡಲಿಗೆ. ಮುಚ್ಚಳ ಇಲ್ಲಿಂದಲೇ ಶುರುವಾಗಬೇಕು.

ಪುಟ್ಟಿಯ ಮನೆಕೆಲಸದ ಕೊನೆಯ ಸಾಲು ಹೀಗಿತ್ತು: "ಕಡಲ ಕಿಡಿಗೆ ಒಂದೇ ಕೋಣೆ. ಹೆಗ್ಗಣಕ್ಕೆ ಕೋಟಿ ಕೋಣೆ. ಎರಡೂ ಉಣ್ಣುತ್ತವೆ, ಕೂಡಿಡುತ್ತವೆ, ಹೆದರುತ್ತವೆ, ಮಕ್ಕಳನ್ನು ಬೆಳೆಸುತ್ತವೆ. ನಾವು ಎಸೆದದ್ದು ಎರಡಕ್ಕೂ ತಲುಪುತ್ತದೆ." ಟೀಚರ್ ಏನು ಅಂಕ ಕೊಟ್ಟರೆಂದು ಮರೆತಿದ್ದೇನೆ. ಹಾಳೆ ಮಾತ್ರ ನನ್ನ ಪಾಸ್ ಪುಸ್ತಕಗಳ ಜೊತೆ ಭದ್ರವಾಗಿದೆ.

ಮಕ್ಕಳೇ, ಈ ರಜೆಯಲ್ಲಿ ನೀವೂ ಒಂದು ಹಾಳೆ ತೆಗೆದುಕೊಳ್ಳಿ. ಅಜ್ಜನಿಂದಲೋ ಅಜ್ಜಿಯಿಂದಲೋ ನಡುವೆ ಒಂದು ಗೆರೆ ಎಳೆಸಿ. ಎಡಕ್ಕೆ ಮನೆಯವರಿಗೆ ಬೇಡವಾದ ಒಂದು ಜೀವಿ, ಬಲಕ್ಕೆ ಎಲ್ಲರೂ ಮೆಚ್ಚುವ ಒಂದು ಜೀವಿ. ಜಿರಲೆ ಮತ್ತು ಚಿಟ್ಟೆ ಆಗಬಹುದು, ಕಪ್ಪೆ ಮತ್ತು ನವಿಲು ಆಗಬಹುದು. ಮನೆ, ಊಟ, ಉಳಿತಾಯ, ಎಚ್ಚರಿಕೆ, ಮಕ್ಕಳು, ನಷ್ಟ ಎಂದು ಒಂದೊಂದೇ ಬಾಬ್ತು ತುಂಬಿಸಿ. ಬಿಲಕ್ಕೆ ಕೈ ಹಾಕಬೇಡಿ, ಹಿತ್ತಿಲಿಗೆ ಹೋಗಿ ಬಂದರೆ ಕೈಕಾಲು ತೊಳೆಯಿರಿ. ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ. ನಮ್ಮ ಬ್ಯಾಂಕಿನಲ್ಲೂ ಮೊದಲ ಸಲಕ್ಕೆ ತಾಳೆಯಾದದ್ದು ಕಡಿಮೆ. ಮತ್ತೊಮ್ಮೆ ಮೇಲಿನಿಂದ ಕೂಡುತ್ತಾ ಬಂದರೆ ತಪ್ಪು ಎಲ್ಲಿದೆ ಎಂದು ಸಿಗುತ್ತದೆ. ಹೆಚ್ಚಿನ ಸಲ ಅದು ಬರೆದವನದೇ ಆಗಿರುತ್ತದೆ.